ಅಮೀರುನ್ನೀಸಾ ಕಂಡ ಎರಡು ದೇಶ

ರಾಮನಗರದ ಆ ರೇಷ್ಮೆ ಫಿಲೇಚರಿಗೆ ಟೀ ಬಂತೆಂದರೆ ಅಮೀರುನ್ನೀಸಾಳ ಕುವೈತ್ ಪುರಾಣ ಶುರು. ರೇಷ್ಮೆ ನೂಲು ತೆಗೆಯುವ ಹೆಂಗಸರೆಲ್ಲ ಲೋಟ ಹಿಡಿದು ಅವಳ ಸುತ್ತ ಕೂರುತ್ತಿದ್ದರು. ಕುವೈತಿನಲ್ಲಿ ಮನೆಗೆಲಸ ಮಾಡಿ ಬಂದ ನಲವತ್ತಾರರ ಹೆಂಗಸು, ಮುಂದಿನ ಎರಡು ಹಲ್ಲಿಲ್ಲ, ಬಾಯಿಗೆ ಮಾತ್ರ ಬಿಡುವಿಲ್ಲ.

“ಅಲ್ಲಿ ಪಾಸ್‌ಪೋರ್ಟು ಮೇಡಂ ಬೀರುನಾಗೆ, ಬೀಗದ ಕೈ ಮೇಡಂ ಬ್ಯಾಗ್ನಾಗೆ. ಕೆಲಸ ಬ್ಯಾಡ ಅಂತ ಹೊಂಟೋಗಂಗಿಲ್ಲ. ಓಡೋದ್ರೆ ನಮ್ ಮ್ಯಾಲೇ ಕೇಸು” ಎನ್ನುತ್ತಿದ್ದಳು.

ಅಂಗಿ ಸುಟ್ಟಿತೆಂದು ಆ ಮೇಡಂ ಇಸ್ತ್ರಿಪೆಟ್ಟಿಗೆಯನ್ನೇ ಎತ್ತಿ ಅವಳ ಬಾಯಿಗೆ ಬಾರಿಸಿದ್ದಳು. ಹಲ್ಲು ರಕ್ತದ ಜೊತೆ ನೆಲಕ್ಕೆ ಬಿತ್ತು. ಆ ನೆಲ ಒರೆಸಿದವಳೂ ಅಮೀರುನ್ನೀಸಾಳೇ. ಓಡಿಹೋಗಿ ಪೊಲೀಸರ ಕಾಲಿಗೆ ಬಿದ್ದರೆ ಅವರು ಏನು ಎತ್ತ ಎಂದು ಕೇಳದೆ ಮತ್ತೆ ಅದೇ ಮನೆಗೆ ತಂದುಬಿಟ್ಟರು. ಅಂದು ಬಿದ್ದ ಒದೆಗೆ ಪಕ್ಕೆಲುಬು ಮುರಿಯಿತು. ಎರಡನೇ ಸಲ ಓಡಿ ನಮ್ಮ ರಾಯಭಾರ ಕಚೇರಿ ಸೇರಿ ಹೇಗೋ ಊರಿಗೆ ಬಂದಳು.

“ಫಿಲಿಪೈನ್ಸ್ ಹೆಂಗಸ್ರಿಗೆ ಒಸಿ ಏನಾರ ಆದ್ರೂ ಅವರ ದೇಶದೋರು ಫೋನ್ ಮಾಡಿ ಕೇಳೋರು. ನಮ್ಮನ್ನ ಕೇಳೋರಿರ್ಲಿಲ್ಲ. ಆದ್ರೆ ಇಲ್ಲಿ ಹಂಗಲ್ಲ ಕಣಮ್ಮ, ಇದು ನಮ್ಮ ದೇಶ. ಇಲ್ಲಿ ನನ್ನ ಯಾರೂ ಕೂಡಾಕಂಗಿಲ್ಲ.”

ಈ ಮಾತಿಗೆ ನಗಬೇಕೋ ಅಳಬೇಕೋ! ಅವಳು ಹಾಗೆನ್ನುವಾಗಲೂ ಫಿಲೇಚರಿನ ಷಟರ್ ಇಳಿದೇ ಇರುತ್ತಿತ್ತು. ನೂಲು ಕಳುವಾಗಬಾರದೆಂದು ಮಾಲೀಕ ಮಧುಕುಮಾರ್ ಬೀಗ ಜಡಿದು ಕೀಲಿ ಜೇಬಿಗಿಳಿಸುತ್ತಿದ್ದ. ಹೆಂಗಸರ ಆಧಾರ್ ಕಾರ್ಡುಗಳೆಲ್ಲ ಅವನ ಮೇಜಿನ ಖಾನೆಯಲ್ಲಿದ್ದವು. ಅಮೀರುನ್ನೀಸಾ ಇದನ್ನು ಕಂಡಿರಲಿಲ್ಲವೇ? ಕಂಡಿದ್ದಳು. ನಮ್ಮ ಊರಿನ ಬೀಗವಲ್ಲವೇ ಎಂದು ಸುಮ್ಮನಿದ್ದಳು.

ಒಂದು ಸೋಮವಾರ ಒಂದು ಲಡಿ ನೂಲು ಕಾಣೆಯಾಯಿತು. ಗುಡೇಮಾರನಹಳ್ಳಿಯಿಂದ ಬಂದು ಕೆಲಸಕ್ಕೆ ಸೇರಿ ತಿಂಗಳಷ್ಟೇ ಆಗಿದ್ದ ಭಾನುಪ್ರಿಯಳ ಮೇಲೆ ಮಧುಕುಮಾರನ ಕಣ್ಣು ಬಿತ್ತು. ಬೆಲ್ಟ್ ಬಿಚ್ಚಿ, ಬಕಲ್ ಇರುವ ಕಡೆಯಿಂದಲೇ ಬಾರಿಸಿದ. ಮೂರನೇ ಏಟಿಗೆ ರವಿಕೆ ಹರಿದು ಬೆನ್ನು ಬಿರಿಯಿತು.

“ನಾ ತಗಂಡಿಲ್ಲ ಸಾ! ನಮ್ಮವ್ವನಾಣೆ ತಗಂಡಿಲ್ಲ!”

“ಸುಳ್ ಬೊಗಳ್ತೀಯೇನೇ?” ಜುಟ್ಟು ಹಿಡಿದು, ರೇಷ್ಮೆಗೂಡು ಕುದಿಯುತ್ತಿದ್ದ ಬೇಸಿನ್ನಿನ ಕಡೆ ಎಳೆದ. “ಮೊಕಾನೇ ಬೇಯಿಸ್ಬುಡ್ತೀನಿ.”

ಹುಡುಗಿಯ ಮುಖ ಹಬೆಯ ಮೇಲೆ ಬಂದಾಗ ಅಮೀರುನ್ನೀಸಾ ಹಾರಿ ಅವನ ಮಣಿಕಟ್ಟು ಹಿಡಿದಳು. ಜಗ್ಗಿ ನೋಡಿದಳು, ಅವನು ಬಿಡಲಿಲ್ಲ. ಬೇಸಿನ್ನಿನ ಅಂಚಿಗೆ ಊರಿದ್ದ ಅವನ ಇನ್ನೊಂದು ಕೈಯನ್ನು ತನ್ನ ಕೈ ಸಮೇತ ನೀರಿಗೆ ಅದುಮಿದಳು. ನೂಲು ತೆಗೆಯುವವರು ಬೆಳಗಿನಿಂದ ಸಂಜೆವರೆಗೆ ಬಿಸಿನೀರಿನಲ್ಲೇ ಬೆರಳಾಡಿಸುವವರು. ಚುರುಕ್ಕೆಂದರೆ ಬಿಡುತ್ತಾನೆ, ಅಷ್ಟೇ ಅಂದುಕೊಂಡಳು. ಎಲ್ಲರ ಕೈಯೂ ತನ್ನ ಕೈಯಂತೆಯೇ ಇರುತ್ತದೆ ಅಂದುಕೊಂಡದ್ದು ಅವಳ ತಪ್ಪು. ಫಿಲೇಚರಿನ ಒಡೆಯನಾದರೂ ಅವನ ಕೈ ಎಂದೂ ಆ ನೀರಿಗೆ ಇಳಿದದ್ದಲ್ಲ. ಜುಟ್ಟು ಬಿಟ್ಟು ಅವನು ಕೈ ಹೊರಗೆಳೆದುಕೊಂಡಾಗ ಚರ್ಮ ಕೈಗವಸಿನಂತೆ ಜೋತಾಡುತ್ತಿತ್ತು. ಅವನ ಅರಚಾಟ ಕೇಳಿ ಬೀದಿಯವರು ಬಂದು ಷಟರ್ ಮೀಟಿ ಬೀಗ ಒಡೆದರು. ಅವನನ್ನು ಆಸ್ಪತ್ರೆಗೂ ಅಮೀರುನ್ನೀಸಾ, ಭಾನುಪ್ರಿಯರನ್ನು ಪೊಲೀಸ್ ಸ್ಟೇಷನ್ನಿಗೂ ಸಾಗಿಸಿದರು.

ಸ್ಟೇಷನ್ನಿಗೆ ಮೊದಲು ಬಂದವನು ಮಧುಕುಮಾರನ ಭಾವಮೈದ ಅನಂತರಾಜು. ಅಮೀರುನ್ನೀಸಾಳ ಕಿವಿಯ ಹತ್ತಿರ ಬಗ್ಗಿ ಹೇಳಿದ: “ಹುಡುಗಿ ಕದ್ದಿದ್ಲು, ಹಿಡಿಯಕ್ಕೋದಾಗ ಭಾವ ಜಾರ್‌ಬುಟ್ರು ಅಂತ ಹೇಳ್ಬುಡು. ನಿನ್ನ ಮನೆಗೆ ಬುಟ್ಬತ್ತೀನಿ. ಇಲ್ಲಾಂದ್ರೆ ಜೈಲೇ ಕಣಮ್ಮ.”

ಮೂಲೆಯ ಬೆಂಚಿನಲ್ಲಿ ಭಾನುಪ್ರಿಯ ಕೂತಿದ್ದಳು. ರಕ್ತ ಒಣಗಿ ರವಿಕೆ ಬೆನ್ನಿಗೆ ಅಂಟಿತ್ತು. ಕಳ್ಳಿ ಎಂದು ಒಮ್ಮೆ ಬರೆದರೆ ಅವಳಿಗೆ ಈ ಸೀಮೆಯಲ್ಲಿ ಯಾರೂ ಕೆಲಸ ಕೊಡುವುದಿಲ್ಲ, ಹಳ್ಳಿಗೆ ಹೋಗಿ ಮುಖ ತೋರಿಸುವಂತೆಯೂ ಇಲ್ಲ.

ಹೆಡ್ ಕಾನ್‌ಸ್ಟೆಬಲ್ ಪ್ರತಿಮಾ ಪೆನ್ನು ತೆಗೆದಳು. “ಅವರ ಕೈ ಸುಟ್ಟಿದ್ದು ನೀವೇನಾ? ಹೌದು, ಇಲ್ಲ, ಅಷ್ಟು ಹೇಳಿ ಸಾಕು.”

“ನಾನೇ. ಜಾರಿ ಬಿದ್ದಿದ್ದಲ್ಲ, ನಾನೇ ಅದುಮಿದ್ದು. ಈಗ ಯಾಕೆ ಅಂತ ಕೇಳವ್ವ.”

“ಅದೆಲ್ಲ ಆಮೇಲೆ.” ಪ್ರತಿಮಾ ಹೌದು ಎಂದಷ್ಟೇ ಬರೆದುಕೊಂಡಳು.

“ಆಮ್ಯಾಕಲ್ಲ, ಈಗ್ಲೇ.” ಗುಳ್ಳೆಯೆದ್ದ ಕೈಯನ್ನು ಮೇಜಿನ ಮೇಲಿಟ್ಟಳು. “ಕುವೈತ್ ಪೊಲೀಸು ಕೇಳ್ನಿಲ್ಲ. ಅವರಿಗೆ ನಾನ್ಯಾರೋ. ನೀನು ನನ್ನ ದೇಶದೋಳು, ನೀನು ಕೇಳ್ಬೇಕು.”

ಪ್ರತಿಮಾ ಹುಡುಗಿಯ ಬೆನ್ನನ್ನು ನೋಡಿದಳು. ಬರೆದಿದ್ದ ಹಾಳೆ ಹರಿದು ಹೊಸದೊಂದು ತೆಗೆದಳು. “ಯಾಕಮ್ಮ?” ಎಂದಳು.

ಬೀಗ, ಬೆಲ್ಟು, ಆಧಾರ್ ಕಾರ್ಡು, ಎಲ್ಲವೂ ಹಾಳೆಗೆ ಬಂತು. ಎರಡು ಕೇಸಾದವು, ಅವನ ಮೇಲೊಂದು, ಅವಳ ಮೇಲೊಂದು. ಮಧುಕುಮಾರ್ ಆಸ್ಪತ್ರೆಯಲ್ಲಿದ್ದುಕೊಂಡೇ ಜಾಮೀನು ಪಡೆದ. ಅಮೀರುನ್ನೀಸಾ ಜಾಮೀನು ಸಿಗುವವರೆಗೆ ಹದಿನೇಳು ದಿನ ಜೈಲಿನಲ್ಲಿದ್ದಳು. ನ್ಯಾಯ ಎನ್ನುವುದು ನಮ್ಮಲ್ಲೂ ಮೊದಲು ಉಳ್ಳವರ ಮನೆಗೇ ಹೋಗಿ ಬರುತ್ತದೆ.

ಬಿಡುಗಡೆಯ ದಿನ ಭಾನುಪ್ರಿಯ ಗೇಟಿನ ಹೊರಗೆ ನಿಂತಿದ್ದಳು. ನೋಡಿದ್ದೇ ಅಳಲು ಶುರುಮಾಡಿದಳು. “ನನ್ನಿಂದ ನಿಮಗೆ ಹಿಂಗಾಯ್ತಲ್ಲಕ್ಕ.”

“ಕೇಸಿನ ಕಾಗದದಾಗೆ ಎಲ್ಲಾದ್ರೂ ನೀನು ಕಳ್ಳಿ ಅಂತ ಐತಾ?”

“ಇಲ್ಲಕ್ಕ.”

“ಹಂಗಾದ್ರೆ ಅಳಬ್ಯಾಡ, ನಡಿ. ಹೊಟ್ಟೆ ಹಸೀತೈತೆ.”