ರಕ್ತಚಂದನದ ಪಟ್ಟದ ಗೊಂಬೆ

ಮಗಳ ಮದುವೆಯಾದ ಮೇಲಿನ ಮೊದಲ ನವರಾತ್ರಿಗೆ ಪಟ್ಟದ ಗೊಂಬೆ ಕೊಡದ ತಾಯಿ ನಮ್ಮ ಮೈಸೂರಿನ ಕಡೆ ಯಾರಿದ್ದಾರೆ? ಗಂಡನ ನೌಕಾಪಡೆಯ ನೌಕರಿಯಿಂದಾಗಿ ವಿಶಾಖಪಟ್ಟಣದಲ್ಲೇ ಇಪ್ಪತ್ತು ವರ್ಷ ಕಳೆದಿದ್ದರೂ ಆ ಹಟ ನನ್ನನ್ನು ಬಿಟ್ಟಿರಲಿಲ್ಲ. ಸಿಂಹಾಚಲಂ ಬೆಟ್ಟದ ಕೆಳಗೆ ಮರ ಕೆತ್ತುವ ಮುದುಕರೊಬ್ಬರಿದ್ದರು. ರಾಜ ರಾಣಿ ಎರಡೂ ರಕ್ತಚಂದನದ್ದೇ ಆಗಬೇಕು ಎಂದೆ.

"ಆ ಮರದ ತಂಟೆ ಬೇಡಮ್ಮಾ. ಪರ್ಮಿಟ್ಟಿಲ್ಲದೆ ಒಂದು ಚೂರು ಸಿಕ್ಕಿದರೂ ಜೈಲು," ಎಂದರು.

ನಾನು ಬಿಡಬೇಕಲ್ಲ! ಮೂರು ಸಲ ಹೋಗಿ ಕಾಡಿದೆ. ಕೊನೆಗೆ ಅವರು ತಮ್ಮ ಮನೆಯ ಹಳೆಯ ರಕ್ತಚಂದನದ ಮಂಚದ ಮುರಿದ ಕಾಲನ್ನೇ ತಂದು ಕೆತ್ತಿಕೊಟ್ಟರು. ಮಂಗಳದ ವಸ್ತು, ರಸೀದಿ ಕೇಳಲಿಲ್ಲ.

ಗೊಂಬೆಗಳನ್ನು ರೇಷ್ಮೆಯಲ್ಲಿ ಸುತ್ತಿ, ಮಗಳಿರುವ ವಿಜಯವಾಡದ ರೈಲು ಹತ್ತಿದೆ. ಅಲ್ಲಿ ನಿಲ್ದಾಣದ ಬಾಗಿಲಲ್ಲೇ ಅರಣ್ಯ ಇಲಾಖೆಯವರು ಚೀಲ ತೆರೆಸುತ್ತಿದ್ದರು. ಕಳ್ಳಸಾಗಣೆ ತಡೆಯಲು ಸರ್ಕಾರ ಬಿಗಿ ಮಾಡಿದೆಯೆಂದು ಪತ್ರಿಕೆಯಲ್ಲಿ ಓದಿ ಭೇಷ್ ಎಂದಿದ್ದವಳೇ ನಾನು. ಅಧಿಕಾರಿ ರಾಜನ ಪೀಠದಿಂದ ಒಂದು ಚೂರು ಕೆರೆದು ನನ್ನ ನೀರಿನ ಲೋಟಕ್ಕೆ ಹಾಕಿದ. ರಕ್ತಚಂದನದ ಗುರುತೇ ಅದು, ತೇಲದೆ ಸೀದಾ ತಳಕ್ಕಿಳಿಯಿತು.

"ಬಿಲ್ಲು ಉಂದಾ, ಅಮ್ಮಾ?" ರಸೀದಿ ಇದೆಯೇ ಎಂದು ಕೇಳಿದ.

ನನ್ನ ಬಾಯಿ ಮೊದಲೇ ಬೊಂಬಾಯಿ. ನೌಕಾಪಡೆಯವರ ಹೆಂಡತಿ ನಾನು, ಮಗಳಿಗೆ ಒಯ್ಯುತ್ತಿದ್ದೇನೆ, ಲಾರಿಗಟ್ಟಲೆ ಸಾಗಿಸುವವರನ್ನು ಬಿಟ್ಟು ಗೊಂಬೆ ಹಿಡಿಯುತ್ತೀರಾ ಎಂದು ತೆಲುಗಿನಲ್ಲೇ ಹರಿಹಾಯ್ದೆ. ಆತ ಸಿಟ್ಟಾಗಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕುರ್ಚಿ ತರಿಸಿ ಕೂರಿಸಿದ.

"ಕೆತ್ತಿದೋರು ಯಾರು ಹೇಳಿ, ಮಗಳ ಮನೆಗೆ ಹೋಗಿ. ಇಲ್ಲಾಂದ್ರೆ ಕೇಸು ನಿಮ್ಮ ಮೇಲೆ. ನಿಮ್ಮ ಯಜಮಾನ್ರ ನೌಕರಿಗೂ ತೊಂದರೆ."

ಹೊರಗೆ ಕಾಯುತ್ತಿದ್ದ ಮಗಳ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಹೇಳಿಬಿಟ್ಟೆ. ಹೆಸರು, ಬೀದಿ, ಮನೆ ಮುಂದಿನ ಬೇವಿನ ಮರ, ಕೇಳದಿದ್ದುದನ್ನೂ ಹೇಳಿದೆ. ಮಂಚದ ಕಾಲು ಎಂದೂ ಹೇಳಿದೆ. ಅದನ್ನು ಮಾತ್ರ ಆತ ಬರೆದುಕೊಳ್ಳಲಿಲ್ಲ. ಗೊಂಬೆಗಳನ್ನು ಇಟ್ಟುಕೊಂಡು ನನ್ನನ್ನು ಕಳಿಸಿದ.

ಹಬ್ಬ ಮುಗಿಸಿ ಬಂದವಳೇ ಸಿಂಹಾಚಲಂಗೆ ಓಡಿದೆ. ಮುದುಕರನ್ನು ಜೀಪಿನಲ್ಲಿ ಒಯ್ದು ಆರು ದಿನವಾಗಿತ್ತು. ಮಂಚದ ಉಳಿದ ಮೂರು ಕಾಲುಗಳನ್ನೂ ಕಿತ್ತು ಒಯ್ದಿದ್ದರು. ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡರು. ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ.

"ಯಾವ ಪಾಪಿ ಹೇಳಿದನೋ ಅಮ್ಮಾ. ನೀವು ಓದಿದೋರು. ಇವರು ಕಳ್ಳರಲ್ಲ ಅಂತ ಒಂದು ಅರ್ಜಿ ಬರೆದುಕೊಡಿ. ನಿಮ್ಮಂಥೋರ ಮಾತಾದರೆ ನಂಬುತ್ತಾರೆ."

ಜಗುಲಿಯ ಮೇಲೆ ಕೂತು ಬರೆದುಕೊಟ್ಟೆ. ಬೇಡವೆಂದವರನ್ನು ಕಾಡಿ ಮಾಡಿಸಿದವಳು ನಾನು ಎಂಬ ಒಂದು ಸಾಲು ಬಿಟ್ಟು, ಮಿಕ್ಕಿದ್ದನ್ನೆಲ್ಲ ಬರೆದೆ.