ಹೊರಗಿನ ಗೂಡಿನ ಬಟ್ಟಲು

ನಮ್ಮ ಮಾವನವರಿಗೆ ಹಳೆಯ ಪಿಂಗಾಣಿಯ ಗುರುತು ಗೊತ್ತು ಎಂದು ಹುಬ್ಬಳ್ಳಿಯ ಅರ್ಧ ಅರಳೆ ಪೇಟೆ ನಂಬಿತ್ತು. ಉಳಿದರ್ಧ ಪೇಟೆಗೆ ಪಿಂಗಾಣಿಯ ಗೊಡವೆಯೇ ಇರಲಿಲ್ಲ. ಹಾಗಾಗಿ ಅವರ ಮಾತನ್ನು ಅಲ್ಲಗಳೆಯುವವರು ಯಾರೂ ಸಿಗಲಿಲ್ಲ. ನಾನು ಹದಿನಾರರ ಸೊಸೆಯಾಗಿ ಆ ಮನೆ ಹೊಕ್ಕಾಗ ಪಡಸಾಲೆಯ ಗಾಜಿನ ಕಪಾಟಿಗೆ ದೇವರ ಕೋಣೆಗಿಂತ ಹೆಚ್ಚು ಮರ್ಯಾದೆ ಇತ್ತು. ದೇವರ ಕೋಣೆಗೆ ಬೀಗವಿರಲಿಲ್ಲ, ಕಪಾಟಿಗೆ ಇತ್ತು. ಒಳಗಿನ ಸಾಮಾನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂದದ್ದರಿಂದ ಅದರ ಕೀಲಿ ನನ್ನ ಸೊಂಟಕ್ಕೆ ಬಂತು.

ಕಪಾಟಿನಲ್ಲಿದ್ದುದೆಲ್ಲ ರೈಲ್ವೆ ಸಾಹೇಬರ ಬಂಗಲೆಗಳಿಂದ ಬಂದದ್ದು. ಊರಿಗೆ ಮರಳುವ ಸಾಹೇಬನೊಬ್ಬ ಸಾಮಾನು ಲಿಲಾವು ಹಾಕಿದನೆಂದರೆ ಮಾವನವರು ಅಂಗಡಿ ಬಿಟ್ಟು ಟಾಂಗಾ ಹತ್ತುತ್ತಿದ್ದರು. ಅದೂ ಖಾದಿ ಅಂಗಿ ತೊಟ್ಟು! ವಿಲಾಯತಿ ಬಟ್ಟೆ ಸುಡುವ ದಿನ ತೋಳು ಹರಿದ ಹಳೆಯ ಕೋಟೊಂದನ್ನು ಬೆಂಕಿಗೆ ಹಾಕಿ, ಎಲ್ಲರೆದುರು ಕೈಮುಗಿದು ಬಂದಿದ್ದರು. ಮರುವಾರವೇ ಬಂಗಾರದ ಅಂಚಿನ ಆರು ಕಪ್ಪು, ಆರು ಬಶಿಗಳನ್ನು ಹುಲ್ಲಿನಲ್ಲಿ ಸುತ್ತಿಸಿ ತಂದರು. ಕಪ್ಪು ಸುಡಬೇಕೆಂದು ಯಾರೂ ಹೇಳಿರಲಿಲ್ಲವಲ್ಲ.

ಮನೆಗೆ ಬಂದವರಿಗೆ ಪಾಠ ತಪ್ಪುತ್ತಿರಲಿಲ್ಲ.

"ಮ್ಯಾಲಿನ ಹೂವಿನ ಚಿತ್ರಾ ನೋಡಿ ಮರುಳಾಗಬಾರದು. ಮೊದಲ ತಳಾ ನೋಡಬೇಕು. ಗುರುತು ಇರೂದು ತಳದಾಗ" ಎನ್ನುತ್ತ ಕಪ್ಪನ್ನು ಬೋರಲು ಹಿಡಿದು, ಅಲ್ಲಿನ ಇಂಗ್ಲಿಷ್ ಅಕ್ಷರಗಳನ್ನು ತೋರಿಸುತ್ತಿದ್ದರು. ಓದಲು ಬರುತ್ತಿರಲಿಲ್ಲ, ತೋರಿಸಲು ಬರುತ್ತಿತ್ತು. ಆಮೇಲೆ ಉಗುರಿನಿಂದ ಒಮ್ಮೆ ಠಣ್ ಎನಿಸಿ, ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಧಾರವಾಡದಿಂದ ಬರುತ್ತಿದ್ದ ಅವರ ವಕೀಲರೂ ಜೊತೆಗೆ ತಲೆದೂಗುತ್ತಿದ್ದರು. ಆ ವಕೀಲರಿಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಆದರೆ ಮಾವನವರ ಖಟ್ಲೆಗಳೂ ಬೇಕಾಗಿದ್ದವು.

ಕೈಯಿಂದ ಕೊರೆದ ಗಾಜು ಎಂದು ಮಾವನವರು ಮೆರೆಸುತ್ತಿದ್ದ ದೊಡ್ಡ ಬೋಗುಣಿಯಂತೂ ಅಚ್ಚಿನಲ್ಲಿ ಹೊಯ್ದ ಅಗ್ಗದ ಮಾಲು. ಎರಡು ಅಚ್ಚು ಕೂಡಿದ ಗೆರೆ ತೊಳೆಯುವಾಗಲೆಲ್ಲ ನನ್ನ ಬೆರಳಿಗೆ ತಾಗುತ್ತಿತ್ತು. ಕೊರೆದ ಗಾಜಿಗೆ ಅಂಥ ಗೆರೆ ಇರುವುದಿಲ್ಲ. ಮಾವನವರಿಗೆ ಹೇಳಬಹುದಿತ್ತು. ಹೇಳದೆ ಒಳಗೊಳಗೇ ನಗುವುದು ನನಗೆ ಹೆಚ್ಚು ರುಚಿಸುತ್ತಿತ್ತು.

ಆ ಗೆರೆಯ ಗುಟ್ಟು ನನಗೆ ಕಲಿಸಿದವರು ಹೊಲಿಗೆಯ ಕಾಕಾ. ಒಡೆದ ಪಿಂಗಾಣಿಗೆ ತಂತಿಯ ಹೊಲಿಗೆ ಹಾಕುತ್ತಿದ್ದ ಮುಸಲ್ಮಾನ ಮುದುಕರು. ಎರಡು ಮೂರು ತಿಂಗಳಿಗೊಮ್ಮೆ ಗೋಪನಕೊಪ್ಪದ ಕಡೆಯಿಂದ ನಡೆದು ಬರುತ್ತಿದ್ದರು. ನಮ್ಮ ಹೊರಗಿನ ಕಟ್ಟೆಯ ಮೇಲೆ ಕುಳಿತು, ಕಮಾನು ಎಳೆದು ಬೈರಿಗೆ ತಿರುಗಿಸಿ, ಚೂರುಗಳ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ತೂತು ಕೊರೆದು, ಹಿತ್ತಾಳೆ ತಂತಿಯಿಂದ ಬಿಗಿಯುತ್ತಿದ್ದರು. ಪ್ರಾಯದಲ್ಲಿ ಮುಂಬಯಿಯ ಪಾರ್ಸಿ ಮನೆಗಳಲ್ಲಿ ಇದೇ ಕೆಲಸ ಮಾಡಿದವರು. ಅವರ ಕೈಗೆ ಸಿಗದ ಬಗೆಯ ಪಿಂಗಾಣಿ ಇರಲಿಲ್ಲ. ಮಾವನವರು ಅವರನ್ನು ಎಂದೂ ಒಂದು ಮಾತು ಕೇಳಿದವರಲ್ಲ.

ಕಾಕಾನಿಗೆ ಚಹಾ ಕೊಡುವ ಬಟ್ಟಲು ಬೇರೆ ಇತ್ತು. ಹಿಡಿಕೆಯಿಲ್ಲದ, ನೀಲಿ ಚಿತ್ರದ ಬಟ್ಟಲು. ಮಾವನವರ ಅಜ್ಜಿ ಅದನ್ನು ಗೋವೆಯ ಕಡೆಯಿಂದ ಉಪ್ಪು ತರುವ ಗಾಡಿಯವರ ಹತ್ತಿರ ಕೊಂಡಿದ್ದರಂತೆ. ಬಹಳ ವರ್ಷ ಉಪ್ಪಿನಕಾಯಿ ತುಂಬಿ, ಆಮೇಲೆ ಯಾರಿಗೂ ಬೇಡವಾಗಿ, ಹೊರಗೋಡೆಯ ಗೂಡು ಸೇರಿತ್ತು. ನಾನು ಮೇಲಿನಿಂದ ಚಹಾ ಸುರಿಯಬೇಕು, ನನ್ನ ಪಾತ್ರೆ ಅದಕ್ಕೆ ತಾಗಬಾರದು. ಕುಡಿದಾದ ಮೇಲೆ ಕಾಕಾ ತಾವೇ ತೊಳೆದು, ತಾವೇ ಗೂಡಿನಲ್ಲಿ ಬೋರಲು ಹಾಕಬೇಕು. ಮನೆಯವರು ಅದನ್ನು ಮುಟ್ಟುವಂತಿರಲಿಲ್ಲ. ಇದು ಆ ಮನೆಯ ಪದ್ಧತಿ, ನಮ್ಮ ಓಣಿಯ ಎಲ್ಲ ಮನೆಗಳ ಪದ್ಧತಿಯೂ ಹೌದು.

ಕಾಕಾ ಮಾತ್ರ ಆ ಬಟ್ಟಲಿನ ಮೇಲೆ ಜೀವ ಇಟ್ಟಿದ್ದರು. ಒಮ್ಮೆ ನನಗೆ ಹೇಳಿದರು, "ಅಕ್ಕಾರ, ಊರಾಗ ನನಗ ತೆಂಗಿನ ಚಿಪ್ಪಿನ್ಯಾಗ ಚಹಾ ಕೊಡಾವ್ರೂ ಅದಾರ, ತುಕ್ಕು ಹಿಡದ ತಗಡಿನ ಡಬ್ಬ್ಯಾಗ ಕೊಡಾವ್ರೂ ಅದಾರ. ಈ ಬಟ್ಲಾ ಕೈಯಾಗ ಹಿಡದಾಗಷ್ಟ ನಾನೂ ಒಬ್ಬ ಮನಶ್ಯಾ ಅನಸ್ತೈತ್ರಿ."

ಒಂದು ಶ್ರಾವಣದಲ್ಲಿ, ಸೋಮವಾರ ನಮ್ಮ ಮನೆಗೆ ಗುರುಗಳಾದ ಅಯ್ಯನವರು ಪಾದಪೂಜೆಗೆ ಬರುವವರಿದ್ದರು. ಅದಕ್ಕೆ ನಾಲ್ಕು ದಿನ ಮೊದಲು, ಯಾರಿಗೋ ಪಾಠ ಹೇಳುವ ಭರದಲ್ಲಿ, ಮಾವನವರು ಬಂಗಾರದ ಅಂಚಿನ ಕಪ್ಪೊಂದನ್ನು ತಮ್ಮ ಕೈಯಾರೆ ಕೆಳಗೆ ಹಾಕಿದರು. ಎರಡು ಹೋಳಾಯಿತು. ಕಾಕಾನನ್ನು ಕರೆಸಿದರು.

"ಲಗೂ ಹೊಲದು ಕೊಡು. ಹೋದ ವರ್ಷ ಅಯ್ಯಾರಿಗೆ ಇದರಾಗ ಹಾಲು ಕೊಟ್ಟಿದ್ವಿ. ಈ ಸಲಾನೂ ಇದರಾಗ ಕೊಡೂದು" ಎಂದರು ಮಾವನವರು.

ಕಾಕಾ ಕಮಾನು ನಿಲ್ಲಿಸಿದರು. "ಸಾವ್ಕಾರ್ರ, ಅಯ್ಯಾರಿಗೆ ಇದರಾಗ ಬ್ಯಾಡ್ರಿ."

"ಯಾಕ?"

"ಇದರ ಮಣ್ಣಾಗ ದನದ ಎಲಬಾ ಸುಟ್ಟ ಬೂದಿ ಕಲಸಿರ್ತಾರ್ರಿ. ಈ ಹಾಲಿನಂಥಾ ಬಿಳಪು ಅದರದ. ತಳದಾಗ ಹಂಗಂತ ಬರದೈತಿ ನೋಡ್ರಿ. ನನಗೇನ ಇಂಗ್ಲೀಷ ಬರೂದಿಲ್ರಿ, ಆದ್ರ ಈ ಅಕ್ಷರದ ಗುರುತು ಪಾರ್ಸ್ಯಾರ ಮನ್ಯಾಗ ಕಲತೇನಿ."

ನಾನು ಬಾಗಿಲ ಹಿಂದೆ ಇದ್ದೆ. ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಮೊಟ್ಟೆ ಮಾರುವವಳು ಓಣಿ ಹೊಕ್ಕರೆ ಮೂಗು ಮುಚ್ಚುವ ಮನುಷ್ಯ, ಮೂರು ಹೊತ್ತು ಲಿಂಗಪೂಜೆ ಮಾಡುವ ಮನುಷ್ಯ, ಎಲುಬಿನ ಕಪ್ಪಿನಲ್ಲಿ ಗುರುಗಳಿಗೆ ಹಾಲು ಕುಡಿಸಿದ್ದರು! ಅದರ ತಳವನ್ನು ವರ್ಷಗಟ್ಟಲೆ ಊರಿಗೆಲ್ಲ ತೋರಿಸಿದ್ದರು.

"ಮತ್ತ ಯಾವುದರಾಗ ಕೊಡೂದು?" ಎಂದು ಮಾವನವರು ಕೇಳಿದಾಗ ಅವರ ಧ್ವನಿ ಇಳಿದಿತ್ತು.

ಕಾಕಾ ಪಾಪ, ಕಸುಬಿನ ಅಭಿಮಾನದಲ್ಲಿ ಗೂಡಿಗೆ ಕೈ ಹಾಕಿದರು. "ಎಲಬಾ ಇಲ್ಲದ್ದು ಬೇಕಂದ್ರ ಇದ ನೋಡ್ರಿ. ಖರೇ ಚೀನಿ ಮಣ್ಣು. ಬಿಳಪಿನ್ಯಾಗ ಚೂರು ನೀಲಿ ಛಾಯಾ ಐತಿ. ತಳದ ಅಂಚಿಗೆ ಬೆರಳ ಆಡಸಿದ್ರ ಉಸುಕು ಹತ್ತತೈತಿ, ಭಟ್ಟಿಯೊಳಗಿನ ಉಸುಕು. ಇಲ್ಲಿ ಎರಡು ನೀಲಿ ಉಂಗರಾ, ನಡುವ ಒಂದು ಎಲಿ. ನಿಮ್ಮ ಕಪಾಟಿನ್ಯಾಗ ಇದರಷ್ಟು ಹಳೇದು ಒಂದೂ ಇಲ್ರಿ."

ಎರಡು ನೀಲಿ ಉಂಗುರ, ನಡುವೆ ಎಲೆ. ಗೂಡಿನಲ್ಲಿ ಬೋರಲು ಬಿದ್ದಿದ್ದ ಆ ಬಟ್ಟಲು ಮಾವನವರು ಬಾಗಿಲು ದಾಟುವಾಗಲೆಲ್ಲ ತನ್ನ ತಳ ತೋರಿಸುತ್ತಲೇ ಇತ್ತು. ತಳ ನೋಡಿ, ತಳ ನೋಡಿ ಎಂದು ಜಗತ್ತಿಗೆ ಹೇಳುತ್ತಿದ್ದವರು ಇದೊಂದರ ತಳ ನೋಡಲಿಲ್ಲ. ಮುಟ್ಟಬಾರದ್ದನ್ನು ನೋಡುವುದಾದರೂ ಯಾಕೆ?

"ಎಲಬಿನ ಮಾತು ಈ ಕಟ್ಟಿ ದಾಟಬಾರದು" ಎಂದಷ್ಟೇ ಹೇಳಿ ಮಾವನವರು ಒಳಗೆ ಬಂದರು. ಕಾಕಾ ಹೋದ ಮೇಲೆ ಬಟ್ಟಲನ್ನು ಒಳಗೆ ತರಿಸಿದರು. ನಾನು ಅದನ್ನು ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿದೆ. ಅವರು ಮಂತ್ರ ಹೇಳಿ, ಬಟ್ಟಲಿಗೂ ವಿಭೂತಿ ಎಳೆದರು. ಅಷ್ಟಕ್ಕೇ ಅದು ಶುದ್ಧವಾಯಿತು. ಅದರಲ್ಲಿ ಇಷ್ಟು ವರ್ಷ ಚಹಾ ಕುಡಿದ ಮನುಷ್ಯ ಮಾತ್ರ ಕಟ್ಟೆಯ ಮೇಲೆಯೇ ಉಳಿದರು. ಎಲುಬಿನ ಕಪ್ಪುಗಳನ್ನು ಬಿಸಾಡಿದರೇ? ಎಲ್ಲಿಯ ಮಾತು! ಹೊಲಿಗೆ ಬಿದ್ದದ್ದೊಂದು ಕಾಕಾನ ಪಾಲಿಗೆ ಹೊರಗಿನ ಗೂಡಿಗೆ ಹೋಯಿತು. ಉಳಿದ ಐದು ಕಪ್ಪುಗಳು ವಕೀಲರಿಗಾಗಿ ಕಪಾಟಿನಲ್ಲೇ ಉಳಿದವು.

ಸೋಮವಾರ ಅಯ್ಯನವರು ನೀಲಿ ಬಟ್ಟಲಿನಲ್ಲಿ ಹಾಲು ಕುಡಿದು, ಸಕ್ಕರೆ ಕಡಿಮೆಯಾಯಿತು ಎಂದರು. ಮಾವನವರು ಖಾಲಿ ಬಟ್ಟಲನ್ನು ಬೋರಲು ಹಿಡಿದು, "ನಮ್ಮ ಅಜ್ಜಿ ಕಾಲದ್ದ್ರಿ. ಎರಡು ಉಂಗರಾ, ನಡುವ ಎಲಿ. ಗುರುತು ಹಿಡಿಯೂ ಕಣ್ಣು ಬೇಕು" ಎಂದರು. ಅಷ್ಟೊಂದು ನಾಚಿಕೆಗೆಟ್ಟ ಮುಖವನ್ನು ನಾನು ಆವರೆಗೆ ಕಂಡಿರಲಿಲ್ಲ.

ಸಂಜೆ ಬಟ್ಟಲನ್ನು ಕಪಾಟಿನಲ್ಲಿ ಇಡಿಸಿ, ನನಗೆ ಹೇಳಿದರು, "ಆ ಹೊಲಿಗಿ ಮುದುಕ ಕೇಳಿದ್ರ, ಒಡೀತು ಅಂತ ಹೇಳವಾ."

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಕಾಕಾ ಬಂದರು. ಮಾವನವರು ಅಂಗಡಿಯಲ್ಲಿದ್ದರು. ಮನೆಯಲ್ಲಿ ಉಳಿದವರೆಲ್ಲ ಮಲಗಿದ್ದರು. ನನ್ನ ಬಾಯಿ ಕಟ್ಟುವವರು ಯಾರೂ ಇರಲಿಲ್ಲ. ಕಾಕಾ ಗೂಡಿಗೆ ಕೈ ಹಾಕಿ, ಬಂಗಾರದ ಅಂಚಿನ ಕಪ್ಪನ್ನು ನೋಡಿ, ಹಾಗೇ ಇಟ್ಟರು.

"ನನ್ನ ಬಟ್ಲಾ ಎಲ್ಲಿರಿ, ಅಕ್ಕಾರ?"

"ಒಡೀತು, ಕಾಕಾ" ಎಂದೆ. ಎಷ್ಟು ಸರಾಗವಾಗಿ ಬಂತು ಆ ಮಾತು!

ಅವರ ಮುಖ ಬಾಡಲಿಲ್ಲ. ಬದಲಿಗೆ ಸಾಮಾನಿನ ಗಂಟು ಬಿಚ್ಚತೊಡಗಿದರು. "ಒಡದ್ರೇನಾತ್ರಿ, ನಾ ಇದ್ದೇನಲ್ರಿ. ಚೂರು ತಂದ ಕೊಡ್ರಿ. ಸಂಜೀ ಒಳಗ ಹೊಲದ ಬಿಡ್ತೇನಿ."

ಇದು ನನಗೆ ಹೊಳೆದೇ ಇರಲಿಲ್ಲ. ಒಡೆದದ್ದನ್ನು ಕೂಡಿಸುವವನ ಮುಂದೆ ಒಡೆಯಿತು ಎಂದು ಸುಳ್ಳು ಹೇಳಿದ್ದೆ. ಆಗಲಾದರೂ ನಿಜ ಹೇಳಬಹುದಿತ್ತು. "ಚೂರೆಲ್ಲಾ ತಿಪ್ಪಿಗೆ ಹಾಕೇವಿ" ಎಂದೆ.

ಕಾಕಾ ಎದ್ದು, ಒಂದು ಕೋಲು ಹಿಡಿದು ಹಿತ್ತಲಿಗೆ ಹೋದರು. ಬಿಸಿಲಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ತಿಪ್ಪೆ ಕೆದಕತೊಡಗಿದರು. ಸಗಣಿ, ಬೂದಿ, ಕೊಳೆತ ಸಿಪ್ಪೆ ಎಲ್ಲವನ್ನೂ ಕೈಯಿಂದ ಸರಿಸಿ ಸರಿಸಿ ನೋಡಿದರು. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಕಪಾಟಿನ ಕೀಲಿ ನನ್ನ ಸೊಂಟದಲ್ಲೇ ಇತ್ತು. ಇಪ್ಪತ್ತು ಹೆಜ್ಜೆ ಒಳಗೆ ಹೋಗಿ ತೆಗೆದುಕೊಟ್ಟಿದ್ದರೆ ಮುಗಿದಿತ್ತು. ಮಾವನವರ ಬಗ್ಗೆ ಇಷ್ಟೆಲ್ಲ ಹೇಳಿದ ನಾನು ಅಲ್ಲಿಂದ ಕದಲಲಿಲ್ಲ. ಅವರ ಮೇಲಿನ ನನ್ನ ತಿರಸ್ಕಾರವೆಲ್ಲ ಬಾಗಿಲ ಹಿಂದೆ ನಿಂತು ನಗುವಷ್ಟಕ್ಕೇ ಇತ್ತು.

ಬಹಳ ಹೊತ್ತಿನ ಮೇಲೆ ಒಂದು ನೀಲಿ ಚೂರು ಸಿಕ್ಕಿತು. ಕಾಕಾ ಅದನ್ನು ಅಂಗಿಗೆ ಒರೆಸಿ, ಅಂಚಿಗೆ ಬೆರಳಾಡಿಸಿ, "ಇದು ನಮ್ಮದಲ್ಲ" ಎಂದು ಬಿಸಾಡಿದರು. ಕೈ ತೊಳೆದು ಬಂದು ಗಂಟು ಕಟ್ಟಿದರು. ಚಹಾ ಬೇಡವೆಂದರು. ಹೊರಟವರು ತಿರುಗಿ ನಿಂತು ಕೇಳಿದರು, "ಒಡದಾಗ ನಿಮ್ಮ ಕೈಗೇನ ಚೂರು ಹತ್ತಲಿಲ್ಲಲ್ರಿ, ಅಕ್ಕಾರ?"

ಇಲ್ಲ ಎಂದೆ. ಅಂದು ನಾನು ಅವರಿಗೆ ಹೇಳಿದ ನಿಜ ಅದೊಂದೇ.