ಮಾರ್ಚ್ ತಿಂಗಳಲ್ಲಿ ನಾನು ಅಳಿಸಿದ ಮಳೆ

ಒಬ್ಬರನ್ನು ಹೊಗಳಬೇಕೆಂದರೆ ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಇದಕ್ಕೆ ಬೈಸಿಕೊಂಡದ್ದೂ ಉಂಟು. ಆದರೆ ನವಿ ಮುಂಬೈಯ ಮಹಾಪೆಯ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ವಿಜಯಪುರದ ಕಡೆಯ ಅಕ್ಕನ ವಿಷಯ ಬೇರೆ.

ನಾವು ಮೊಬೈಲ್ ಗೇಮ್ ಮಾಡುವವರು. ಆಗ ಮಾಡುತ್ತಿದ್ದದ್ದು, ಹುಡುಗಿಯೊಬ್ಬಳು ರೈಲ್ವೆ ಸ್ಟೇಷನ್ನಿನಿಂದ ಗಲ್ಲಿಗಳಲ್ಲಿ ಓಡಿ ಮನೆ ಸೇರುವ ಆಟ. ಅದು ವಿಪರೀತ ಭಾರವಾಗಿತ್ತು. ಜಾಗ ಕಡಿಮೆ ಇರುವ ಅಗ್ಗದ ಫೋನುಗಳಲ್ಲಿ ಹಿಡಿಸುವಂತೆ ಶುಕ್ರವಾರದೊಳಗೆ ಇಳಿಸದಿದ್ದರೆ ಆಟವೇ ಬೇಡ ಎಂದು ಬಿಡುಗಡೆ ಮಾಡುವ ಕಂಪನಿ ಹೇಳಿಬಿಟ್ಟಿತ್ತು. ಬೇಡದ ಫೈಲುಗಳನ್ನು ತೆಗೆಯುವ ಕೆಲಸ ನನ್ನ ತಲೆಗೆ ಬಂತು. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಇದಾದರೆ ಕೆಲಸ ಖಾಯಂ. ಇಲ್ಲದಿದ್ದರೆ ಡೊಂಬಿವಲಿಯ ರೂಮು ಖಾಲಿ ಮಾಡಿ ಮೈಸೂರಿನ ಬಸ್ಸು ಹತ್ತಬೇಕಿತ್ತು.

ಆಟದ ಚಿತ್ರ, ಸಾಮಾನುಗಳನ್ನೆಲ್ಲ ತುಂಬಿದ್ದ ಫೋಲ್ಡರಿನ ಅವಸ್ಥೆ ಕೇಳಬೇಡಿ. ಏಳು ಥರದ ಕಸದ ಡಬ್ಬಿ, ಚಕ್ರವಿಲ್ಲದ ರಿಕ್ಷಾ, 'ಫೈನಲ್', 'ಫೈನಲ್ ಹೊಸದು', 'ಫೈನಲ್ ಪಕ್ಕಾ'. ಬಳಸಲಿ ಬಿಡಲಿ, ಅಲ್ಲಿದ್ದದ್ದೆಲ್ಲ ಆಟದ ಜೊತೆ ಫೋನಿಗೆ ಹೋಗುತ್ತಿತ್ತು. ಯಾವ ಲೆವೆಲ್ಲೂ ಮುಟ್ಟದ ಫೈಲುಗಳನ್ನು ಪಟ್ಟಿ ಮಾಡಿಕೊಡುವ ಟೂಲ್ ಒಂದಿತ್ತು. ಬುಧವಾರ ಮಧ್ಯಾಹ್ನ ಆ ಪಟ್ಟಿಯನ್ನು ಇಡಿಯಾಗಿ ಅಳಿಸಿದೆ. ತೂಕ ಇಳಿಯಿತು. ಆಡಿ ನೋಡಿದೆ, ಎಲ್ಲ ಸರಿಯಾಗಿತ್ತು. ಬೀಗುತ್ತಾ ಅಕ್ಕನಿಗೆ ತೋರಿಸಿದೆ.

"ಯಾರನ್ನ ಕೇಳಿ ತಗದಿ?" ಅಂದರು.

"ಟೂಲ್ ಹೇಳ್ತು ಅಕ್ಕ."

"ಟೂಲಿಗೇನ್ ಗೊತ್ತೈತಿ ತಮ್ಮಾ ಮಳಿಗಾಲ?"

ಫೋನಿನ ತಾರೀಖನ್ನು ಜುಲೈಗೆ ತಿರುಗಿಸಿ ಆಟ ಶುರು ಮಾಡಿದರು. ಸ್ಟೇಷನ್ನಿನ ಮೇಲೆ ಮೋಡ ಕವಿಯಿತು. ಆಮೇಲೆ ಹನಿಗಳ ಬದಲು, ಫೈಲು ಸಿಗದಿದ್ದಾಗ ಕಾಣುವ ಗುಲಾಬಿ ಬಣ್ಣದ ಚೌಕಗಳು ಸುರಿದವು. ಹುಡುಗಿಯ ಕೊಡೆಯೂ ಗುಲಾಬಿ ಚೌಕ. ಮಳೆ ಮಾಡಿದವನು ಅದನ್ನು ಲೆವೆಲ್ಲಿನಲ್ಲಿ ಇಟ್ಟಿರಲೇ ಇಲ್ಲ. ಜೂನ್ ಬಂದಾಗ ಮಾತ್ರ ಕೋಡು ಅದನ್ನು ಹೆಸರು ಹಿಡಿದು ಕರೆಯುತ್ತಿತ್ತು. ಟೂಲಿಗೆ ಅದು ಕಾಣುವುದಿಲ್ಲ. ನಾನು ಅಳಿಸಿದ್ದು ಮಾರ್ಚಿನಲ್ಲಿ.

ಹಳೆಯ ಪ್ರತಿಯಿಂದ ಎಲ್ಲವನ್ನೂ ವಾಪಸ್ ತಂದೆವು. ಅದರ ಜೊತೆ ತೂಕವೂ ವಾಪಸ್ ಬಂತು.

ಉಳಿದ ಎರಡು ದಿನ ಅಕ್ಕ ತಮ್ಮ ಕೆಲಸ ಬದಿಗಿಟ್ಟು ನನ್ನ ಜೊತೆ ಓಡಾಡಿದರು. ಪಟ್ಟಿ ಹಿಡಿದು, ಫೈಲು ಮಾಡಿದವರ ಮೇಜಿಗೇ ಹೋಗಿ ಕೇಳುವುದು ಅವರ ಪದ್ಧತಿ: "ಇದು ನಿಂದು. ಬೇಕೇನು?" ಬೇಡವೆಂದರೆ ಅವರ ಕೈಯಿಂದಲೇ ಅಳಿಸಬೇಕು. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಒಬ್ಬೊಬ್ಬನೂ ತನ್ನ ಕಸದ ಡಬ್ಬಿಯ ಪುರಾಣ ಹೇಳುವವನೇ. ಅಕ್ಕ ಮಾತ್ರ ನಿಂತು ಪೂರ್ತಿ ಕೇಳುತ್ತಿದ್ದರು. ಹಾಗೆ ಕೇಳಿದ್ದಕ್ಕೇ ಇನ್ನೂ ಮೂರು ಫೈಲುಗಳು ಉಳಿದವು, ಮೂರೂ ಬೇಕಾದವೇ. ಅಷ್ಟು ತಾಳ್ಮೆಯ ಮನುಷ್ಯರನ್ನು ನಾನು ಕಂಡಿಲ್ಲ.

ಶುಕ್ರವಾರ ಊಟದ ಹೊತ್ತಿಗೆ ತೂಕ ಇನ್ನೊಂಚೂರು ಜಾಸ್ತಿ ಇತ್ತು. ಪಟ್ಟಿಯಲ್ಲಿ ಉಳಿದದ್ದು ಒಂದೇ, ಕಾರ್ಖಾನೆಯ ದೊಡ್ಡ ಗೇಟು. ತುಕ್ಕು, ಸವೆದ ಬೀಗ, ಪಕ್ಕದಲ್ಲಿ ಮೂಟೆ ಇಳಿಸುವ ಕಟ್ಟೆ, ಎಲ್ಲವನ್ನೂ ಯಾರೋ ಮನಸ್ಸಿಟ್ಟು ಮಾಡಿದ್ದರು. ಯಾವ ಲೆವೆಲ್ಲಿನಲ್ಲೂ ಅದು ಇರಲಿಲ್ಲ.

"ಇದು ಯಾರದಕ್ಕ?"

"ನಂದು. ಇಲ್ಲಿಗೆ ಬಂದು ಮೊದಲ ಮಾಡಿದ್ದು. ಅಂಬರನಾಥದಾಗ ನಮ್ಮಪ್ಪ ಮೂಟಿ ಹೊರತಿದ್ದ ಗೇಟು. ಈಗ ಅಪ್ಪನೂ ಇಲ್ಲ, ಗೇಟೂ ಇಲ್ಲ."

"ಬೇಕಾ?" ಎಂದು ನಾನು ಕೇಳಬೇಕಿತ್ತು. ಅವರೇ ಕುರ್ಚಿ ಎಳೆದುಕೊಂಡು ಕೂತು, ಗೇಟನ್ನು ಒಂದು ಸುತ್ತು ತಿರುಗಿಸಿ ನೋಡಿ, ಅಳಿಸಿದರು.

"ಹಳೇ ಪ್ರತಿಯಲ್ಲಿ ಇರುತ್ತಲ್ಲಕ್ಕ, ಬೇಕಾದಾಗ ತರಬಹುದು," ಎಂದೆ.

"ಯಾರು ತರತಾರ ತಮ್ಮಾ. ತೂಕ ನೋಡು."

ತೂಕ ಸರಿಯಾಗಿತ್ತು. ಸಂಜೆ ಮ್ಯಾನೇಜರ್ ಬಂದು, "ಕಿಸ್ನೆ ಕಿಯಾ?" ಎಂದು ಹಿಂದಿಯಲ್ಲಿ, ಇದನ್ನು ಮಾಡಿದ್ದು ಯಾರೆಂದು ಕೇಳಿದ. ಅಕ್ಕ ಟಿಫಿನ್ ಡಬ್ಬಿ ಚೀಲಕ್ಕೆ ಹಾಕುತ್ತಾ ನನ್ನ ಕಡೆ ಕೈ ತೋರಿಸಿದರು. ಅಲ್ಲವೆಂದು ನಾನು ಹೇಳಲಿಲ್ಲ. ಸೋಮವಾರ ನನ್ನ ಕೆಲಸ ಖಾಯಂ ಆಯಿತು.